ಪ್ಯಾಕೆಟ್ ಬಂತು, ಉತ್ತರ ಎಲ್ಲಿ?

ಒಂದು ಲಿನಕ್ಸ್ ಸರ್ವರಿಗೆ ಎರಡು ನೆಟ್‌ವರ್ಕ್ ಕಾರ್ಡ್ ಇದೆ ಅಂದುಕೊಳ್ಳೋಣ. ಮೊದಲನೆಯದು ಲ್ಯಾಬ್ ಕಡೆ, 10.1.0.5, ಡೀಫಾಲ್ಟ್ ಗೇಟ್‌ವೇ ಅಲ್ಲೇ. ಎರಡನೆಯದು ಲೈಬ್ರರಿ ಕಡೆ, 10.2.0.5. ಎಲ್ಲಾ /24. ಲೈಬ್ರರಿಯಿಂದ 10.2.0.5ಕ್ಕೆ ಪಿಂಗ್ ಮಾಡಿದರೆ ಉತ್ತರ ಬರುತ್ತೆ, ಹಾಸ್ಟೆಲಿನ 10.3.0.20ರಿಂದ ಮಾಡಿದರೆ ಇಲ್ಲ. ನಾಳೆ ಪ್ರಾಜೆಕ್ಟ್ ಡೆಮೊ ಇದ್ದರೆ ನಾವು ಮೊದಲು ಮಾಡೋದೇ ಫೈರ್‌ವಾಲ್ ಆಫ್! ಸ್ವಲ್ಪ ತಡೆಯಿರಿ.

ಎರಡನೇ ಕಾರ್ಡಿನ ಮೇಲೆ ಟಿಸಿಪಿಡಂಪ್ ಓಡಿಸೋಣ. ಹಾಸ್ಟೆಲಿನ ಪ್ಯಾಕೆಟ್ ತಲುಪುತ್ತಿದೆ, ಉತ್ತರ ಮಾತ್ರ ಹೊರಡುತ್ತಿಲ್ಲ. 'ಐಪಿ ರೂಟ್ ಗೆಟ್ 10.3.0.20' ಅಂತ ಕೇಳಿದರೆ ಕರ್ನೆಲ್ ಮೊದಲನೇ ಕಾರ್ಡನ್ನು ತೋರಿಸುತ್ತೆ. ಹಾಸ್ಟೆಲಿಗೆ ಬೇರೆ ರೂಟ್ ಇಲ್ಲವಲ್ಲ, ಡೀಫಾಲ್ಟೇ ಗತಿ. ಪ್ಯಾಕೆಟ್ ಯಾವ ಕಾರ್ಡಿನಿಂದ ಬಂತು ಅನ್ನೋದನ್ನ ಮುಖ್ಯ ರೂಟಿಂಗ್ ಟೇಬಲ್ ನೋಡೋದೇ ಇಲ್ಲ. ಆದರೆ ಆರ್‌ಪಿ ಫಿಲ್ಟರ್ ನೋಡುತ್ತೆ. ಅದು 1 ಆಗಿದ್ದರೆ, 'ಈ ವಿಳಾಸಕ್ಕೆ ನನ್ನ ದಾರಿ ಆ ಕಾರ್ಡಲ್ಲಿದೆ, ನೀನು ಈ ಕಾರ್ಡಿಗೆ ಹೇಗೆ ಬಂದೆ?' ಅಂತ ಕರ್ನೆಲ್ ಬಂದ ಪ್ಯಾಕೆಟನ್ನೇ ಬಿಸಾಡುತ್ತೆ. ಸಾಮಾನ್ಯವಾಗಿ ಲಾಗಿನಲ್ಲೂ ಸುದ್ದಿ ಇರಲ್ಲ.

ಅದನ್ನ 2 ಮಾಡಿದರೆ ಪ್ಯಾಕೆಟ್ ಒಳಗೆ ಬರುತ್ತೆ ನಿಜ. ಉತ್ತರ ಮಾತ್ರ ಲ್ಯಾಬ್ ದಾರಿಯಲ್ಲೇ ಹೋಗಿ, ನಡುವಿನ ಯಾವುದೋ ಫೈರ್‌ವಾಲಿನಲ್ಲಿ ಸಾಯಬಹುದು. ನಮಗೆ ಸರಿ ಅನ್ನಿಸೋದು ಇದು: ಟೇಬಲ್ 100ರಲ್ಲಿ ಲೈಬ್ರರಿ ಗೇಟ್‌ವೇ 10.2.0.1ನ್ನು ಡೀಫಾಲ್ಟ್ ಮಾಡಿ, 'ಐಪಿ ರೂಲ್ ಆಡ್ ಫ್ರಮ್ 10.2.0.5 ಟೇಬಲ್ 100' ಅನ್ನೋದು. ಆಗ ಉತ್ತರ ಬಂದ ದಾರಿಯಲ್ಲೇ ವಾಪಸ್, ಆರ್‌ಪಿ ಫಿಲ್ಟರಿಗೂ ತಕರಾರಿಲ್ಲ.

ರೀಬೂಟ್ ಆದರೆ ಇದೆಲ್ಲ ಅಳಿಸಿಹೋಗುತ್ತೆ. ಉಬುಂಟು ಸರ್ವರ್ ಆದರೆ ನೆಟ್‌ಪ್ಲಾನ್ ಫೈಲಿನಲ್ಲೂ ಬರೆದಿಡಿ. ಎಸ್‌ಎಸ್‌ಎಚ್‌ನಲ್ಲಿ ಕೂತು ಡೀಫಾಲ್ಟ್ ರೂಟ್ ಮಾತ್ರ ಅಳಿಸಬೇಡಿ, ಆಮೇಲೆ ಸರ್ವರ್ ರೂಮಿನ ಕೀಲಿ ಯಾರ ಹತ್ರ ಇದೆ ಅಂತ ಹುಡುಕಿಕೊಂಡು ಓಡಾಡಬೇಕಾಗುತ್ತೆ.