ನಂಬರು ಕೊಟ್ಟರೆ ಸಾಲದು, ಜೊತೆಗೆ ಹೋಗಬೇಕು



ಪರೀಕ್ಷೆಗೆ ಬಾರದ, ಆದರೆ ಬದುಕಿನಲ್ಲಿ ಎಂದಾದರೂ ಬೇಕಾಗಬಹುದಾದ ಒಂದು ಪಾಠವನ್ನು ಈ ಸಂಚಿಕೆಗೆ ಬರೆಯುತ್ತಿದ್ದೇನೆ. ಸಾಯಬೇಕೆಂಬ ಯೋಚನೆಯಲ್ಲಿ ಸಿಕ್ಕಿಕೊಂಡಿರುವ ಗೆಳೆಯನಿಗೋ, ಗೆಳತಿಗೋ, ತಮ್ಮ ತಂಗಿಗೋ ನಾವು ಹೇಗೆ ನೆರವಾಗಬಹುದು ಎಂಬುದೇ ಆ ಪಾಠ. ನಾನು ಇದನ್ನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ.

ಎರಡು ವರ್ಷದ ಹಿಂದಿನ ಮಳೆಗಾಲ. ನಾನು ದಿನವೂ ಹಿರೇಗುತ್ತಿಯಿಂದ ಬಸ್ಸಿನಲ್ಲಿ ಓಡಾಡುವವನು. ಅದೇ ಬಸ್ಸಿಗೆ ದ್ವಿತೀಯ ಪಿಯುಸಿಯ ಒಬ್ಬ ಹುಡುಗ ಹತ್ತುತ್ತಿದ್ದ. ತಂದೆ ಗಲ್ಫಿನಲ್ಲಿ, ಮನೆಯಲ್ಲಿ ತಾಯಿ ಮತ್ತು ತಂಗಿ. (ಅವನ ಮತ್ತು ಅವನ ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು ಬರೆಯುತ್ತಿದ್ದೇನೆ.) ದಾರಿಯುದ್ದಕ್ಕೂ ಕ್ರಿಕೆಟ್ ಮಾತಾಡುತ್ತಿದ್ದವನು ಮೌನವಾದ. ಊಟದ ಡಬ್ಬಿ ತೆರೆಯದೇ ಮನೆಗೆ ಮರಳುತ್ತಿತ್ತು. ಒಂದು ದಿನ ತನ್ನ ಪ್ರೀತಿಯ ಬ್ಯಾಟನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟುಬಿಟ್ಟೆ ಎಂದ.

"ಎಂತಾ ಆಯ್ತೋ?" ಎಂದು ಕೇಳಿದೆ.

"ಎಂತದೂ ಇಲ್ಲ ಸರ್. ನಾನು ಇಲ್ದಿದ್ರೆ ಮನೆಯವ್ರಿಗೆ ಆರಾಮು."

ನಾನು ಬೆನ್ನು ತಟ್ಟಿ, "ಹಂಗೆಲ್ಲ ಮಾತಾಡ್ಬಾರ್ದು ಮಾರಾಯ, ಅಪ್ಪ ಅಷ್ಟು ದೂರ ನಿನಗೋಸ್ಕರ ದುಡೀತಿದ್ದಾರೆ" ಎಂದೆ. ಒಂದು ಚೀಟಿಯಲ್ಲಿ ಸಹಾಯವಾಣಿಯ ನಂಬರು ಬರೆದುಕೊಟ್ಟೆ. ನನ್ನ ಕರ್ತವ್ಯ ಮುಗಿಯಿತು ಎಂದುಕೊಂಡೆ.

ವಾರ ಕಳೆದು ವಿಚಾರಿಸಿದಾಗ ಚೀಟಿ ಅವನ ಅಂಗಿಯ ಜೇಬಿನಲ್ಲೇ ಇತ್ತು. ಅಂಗಿಯ ಜೊತೆ ಒಗೆದು ಅಂಕಿಗಳೆಲ್ಲ ಅಳಿಸಿಹೋಗಿದ್ದವು. "ಫೋನ್ ಮಾಡಿ ಎಂತ ಹೇಳೋದು ಸರ್? ನೀವು ಅಪ್ಪನ ವಿಷಯ ತೆಗೆದ ಮೇಲೆ ನಾನು ಮನೆಗೆ ಇನ್ನೂ ಭಾರ ಅನ್ನಿಸ್ತು" ಎಂದ. ಆ ಒಂದು ವಾರದಲ್ಲಿ ಏನು ಬೇಕಾದರೂ ಆಗಬಹುದಿತ್ತು. ಅದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ಆ ಸಂಜೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಮೊಬೈಲಿನಿಂದಲೇ ಫೋನ್ ಹಚ್ಚಿದೆ. ಮೊದಲ ಎರಡು ಮಾತು ನಾನಾಡಿದೆ. ಆಮೇಲೆ ಅವನು ಅರ್ಧ ಗಂಟೆ ಮಾತಾಡಿದ. ಅವನೊಂದಿಗೇ ಮನೆಗೆ ಹೋಗಿ ತಾಯಿಗೆ ತಿಳಿಸಿದೆವು. ನಂತರ ಮೂವರೂ ಆಸ್ಪತ್ರೆಗೆ ಹೋದೆವು. ಇಂದು ಅವನು ಪದವಿ ಓದುತ್ತಿದ್ದಾನೆ.

ಈ ಅನುಭವದಿಂದಲೂ ಆಮೇಲೆ ಓದಿದ್ದರಿಂದಲೂ ತಿಳಿದದ್ದನ್ನು ಕ್ರಮವಾಗಿ ಹೇಳುತ್ತೇನೆ.

1. ಬದಲಾವಣೆಯನ್ನು ಗಮನಿಸಿ

ಗೆಳೆಯರಿಂದ ದೂರವಾಗುವುದು, ನಿದ್ದೆ ಊಟ ಕೆಡುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, "ನಾನು ಎಲ್ಲರಿಗೂ ಭಾರ" ಎನ್ನುವುದು, ಕಾರಣವಿಲ್ಲದೆ ವಿದಾಯ ಹೇಳಿದಂತೆ ಮಾತಾಡುವುದು: ಇವು ಎಚ್ಚರಿಕೆಯ ಸೂಚನೆಗಳು. "ನಾಟಕ ಮಾಡುತ್ತಾನೆ" ಎಂದು ತಳ್ಳಿಹಾಕಬೇಡಿ. ಫೇಲಾದದ್ದೇ ಕಾರಣ ಎಂದು ತೀರ್ಮಾನಿಸಲೂ ಬೇಡಿ. ಸಾಮಾನ್ಯವಾಗಿ ಹಲವು ನೋವುಗಳು ಒಟ್ಟಿಗೆ ಸೇರಿರುತ್ತವೆ.

2. ನೇರವಾಗಿ ಕೇಳಿ, ಆಮೇಲೆ ಸುಮ್ಮನೆ ಆಲಿಸಿ

"ಸಾಯಬೇಕು ಅಂತ ಅನ್ನಿಸ್ತಿದೆಯಾ?" ಎಂದು ಕೇಳಲು ನಾವು ಹೆದರುತ್ತೇವೆ, ಕೇಳಿದರೆ ಆ ಯೋಚನೆಯನ್ನು ನಾವೇ ಹುಟ್ಟಿಸಿದಂತಾಗುತ್ತದೆ ಎಂಬ ಭಯ. ಹಾಗಾಗುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಕಾಳಜಿಯಿಂದ ಕೇಳಿದಾಗ ಒಳಗಿನ ಒತ್ತಡ ಇಳಿಯುತ್ತದೆ. ಉತ್ತರ ಬಂದಾಗ ಉಪದೇಶ ಬೇಡ, ಹೋಲಿಕೆ ಬೇಡ. "ನೀನು ಹೇಳಿದ್ದು ಒಳ್ಳೇದಾಯ್ತು, ನಾನಿದ್ದೇನೆ" ಎಂದರೆ ಸಾಕು.

3. ಈ ಒಂದು ಗುಟ್ಟನ್ನು ಕಾಯಬೇಡಿ

"ಯಾರಿಗೂ ಹೇಳಲ್ಲ ಅಂತ ಆಣೆ ಮಾಡು" ಎಂದು ಗೆಳತಿ ಕೇಳಬಹುದು. ಆಣೆ ಮಾಡಬೇಡಿ. "ನಿನ್ನನ್ನು ಕಳಕೊಳ್ಳೋಕೆ ನಂಗೆ ಇಷ್ಟ ಇಲ್ಲ, ನಾವಿಬ್ರೂ ಸೇರಿ ಒಬ್ರಿಗೆ ಹೇಳೋಣ" ಎನ್ನಿ. ತಾಯಿ, ಅಣ್ಣ, ಅತ್ತೆ, ಉಪನ್ಯಾಸಕರು, ಯಾರನ್ನು ನಂಬುತ್ತಾರೋ ಅವರಿಗೆ. ಮೊದಲು ಹೇಳಿದವರು ಕಿವಿಗೊಡದಿದ್ದರೆ ಇನ್ನೊಬ್ಬರಿಗೆ ಹೇಳಿ. ಸಿಟ್ಟಾದ ಗೆಳತಿಯನ್ನು ಮುಂದೆ ಸಮಾಧಾನಪಡಿಸಬಹುದು. ಅಪಾಯ ತೀರ ಹತ್ತಿರವಿದೆ ಅನ್ನಿಸಿದರೆ ಒಂಟಿಯಾಗಿ ಬಿಡಬೇಡಿ. ದೊಡ್ಡವರನ್ನು ಕೂಗಿ, 112 ಅಥವಾ 108ಕ್ಕೆ ಕರೆ ಮಾಡಿ. ಹಾನಿಯಾಗಬಹುದಾದ ವಸ್ತುಗಳನ್ನು ಕೈಗೆ ಸಿಗದಂತೆ ಇಡುವುದು ಮನೆಯ ಹಿರಿಯರ ಕೆಲಸ.

4. ಜೊತೆಗೆ ಹೋಗಿ

ಮನಸ್ಸು ಕುಸಿದವನಿಗೆ ಫೋನಿನ ಹತ್ತು ಅಂಕಿ ಒತ್ತುವುದೂ ಬೆಟ್ಟ ಹತ್ತಿದ ಹಾಗೆ. ಪಕ್ಕದಲ್ಲಿ ಕುಳಿತು ನೀವೇ ಒತ್ತಿ. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಆಪ್ತ ಸಮಾಲೋಚಕರು ಕೇಳಿಸಿಕೊಳ್ಳುತ್ತಾರೆ. ಬೇಕಾದರೆ ತಜ್ಞರಿಗೆ ಜೋಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಈ ಯೋಜನೆಯ ಮುಖ್ಯ ಕೇಂದ್ರ. 18 ವರ್ಷದೊಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಆಸ್ಪತ್ರೆಯೆಂದರೆ ದೂರದ ಬೆಂಗಳೂರಿಗೇ ಹೋಗಬೇಕಿಲ್ಲ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ನಿಗದಿತ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯಿದೆ. ಕುಮಟಾ, ಹೊನ್ನಾವರ, ಭಟ್ಕಳದವರು ತಮ್ಮ ತಾಲೂಕು ಆಸ್ಪತ್ರೆಯಲ್ಲಿ ದಿನ ವಿಚಾರಿಸಿಕೊಂಡು ಹೋಗಿ. ಹೆಚ್ಚಿನ ಚಿಕಿತ್ಸೆಗೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್ ಇವೆ. ಸರದಿಯ ಬೆಂಚಿನ ಮೇಲೆ ಪಕ್ಕದಲ್ಲಿ ಒಬ್ಬರು ಕೂತಿದ್ದರೆ ಎದ್ದು ಓಡಿಹೋಗಬೇಕು ಅನ್ನಿಸುವುದಿಲ್ಲ ಎಂದು ಆ ಹುಡುಗನೇ ನನಗೆ ಹೇಳಿದ.

5. ತಡೆಯುವ ಹೆದರಿಕೆಗಳು

"ಪೊಲೀಸ್ ಕೇಸ್ ಆಗುತ್ತದೆ" ಎಂಬುದು ಒಂದು. ಇಂಥ ಯೋಚನೆ ಬರುವುದು ಎಂದೂ ಅಪರಾಧವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಪ್ರಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ಕಾಣುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ. "ಊರಿಗೆಲ್ಲ ಗೊತ್ತಾಗುತ್ತದೆ" ಎಂಬುದು ಇನ್ನೊಂದು. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

"ಈಮಾನ್ ಗಟ್ಟಿಯಿದ್ದರೆ ಹೀಗಾಗುತ್ತಿರಲಿಲ್ಲ" ಎಂಬ ಮಾತು ಬಹಳ ನೋಯಿಸುತ್ತದೆ. ಜ್ವರ ಬಂದವನ ಈಮಾನನ್ನು ನಾವು ಅಳೆಯುವುದಿಲ್ಲ. ಸಾವಿರ ವರ್ಷಕ್ಕೂ ಹಿಂದೆ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹದಂತೆ ಮನಸ್ಸಿಗೂ ಕಾಯಿಲೆ ಬರುತ್ತದೆ ಎಂದು ತಿಳಿಸಿ, ಎರಡರ ಆರೈಕೆಯನ್ನೂ ಒಂದೇ ಗ್ರಂಥದಲ್ಲಿ ಬರೆದರು. ದುಆ ಮಾಡಿ, ವೈದ್ಯರಲ್ಲಿಗೂ ಕರೆದೊಯ್ಯಿರಿ.

ಪರೀಕ್ಷೆಯ ಹೆದರಿಕೆಯಿರುವವರಿಗೆ ಒಂದು ಮಾತು: 2024ರಿಂದ ದ್ವಿತೀಯ ಪಿಯುಸಿ ಪರೀಕ್ಷೆಯನ್ನು ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ. ಒಂದು ಫಲಿತಾಂಶ ಕೊನೆಯ ಫಲಿತಾಂಶವಲ್ಲ.

6. ನಮ್ಮ ಸಿಬ್ಬಂದಿಗೆ

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ 15 ಮಾರ್ಗಸೂಚಿಗಳನ್ನು ನೀಡಿದೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಸಮಾಲೋಚಕರಿರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ ಆಗಬೇಕು, ಸಹಾಯವಾಣಿ ಸಂಖ್ಯೆ ಎಲ್ಲರಿಗೂ ಕಾಣುವಂತಿರಬೇಕು ಎಂದು ಅದರಲ್ಲಿದೆ. ಸಂಖ್ಯೆಯನ್ನು ಗೋಡೆಗೆ ಅಂಟಿಸುವುದು ಸುಲಭ. ಅದನ್ನು ಓದಿ ನಿಂತ ವಿದ್ಯಾರ್ಥಿಯನ್ನು "ಬಾ, ಕೂತ್ಕೋ" ಎಂದು ಕರೆಯುವವರು ನಾವಾಗಬೇಕು.

ಕೊನೆಗೆ, ಇದನ್ನು ಓದುತ್ತಿರುವ ನಿನಗೇ ಇಂಥ ಯೋಚನೆ ಬರುತ್ತಿದ್ದರೆ: ನೀನು ಯಾರಿಗೂ ಭಾರವಲ್ಲ. ಇಂದೇ ಒಬ್ಬರಿಗೆ ಹೇಳು. ಮಾತು ಹೊಳೆಯದಿದ್ದರೆ ಈ ಪುಟವನ್ನು ತೋರಿಸು, ಸಾಕು. ನಾನು ಸ್ಟಾಫ್ ರೂಮಿನಲ್ಲಿರುತ್ತೇನೆ. ಸಂಜೆಯಾದರೆ ಹಿರೇಗುತ್ತಿ ಬಸ್ಸಿನಲ್ಲಿ. ಪಕ್ಕದ ಸೀಟು ನಿನಗೆ ಇದೆ.