ಹೊಸ ಜೋಡಿಗೆ ಮೂರು ರೂಮು: ದಾವಣಗೆರೆ, ಹರಿಹರ, ಮತ್ತೆ ದಾವಣಗೆರೆ

ಗೆಳೆಯನ ತಮ್ಮನಿಗೆ ಈಚೆಗೆ ಮದುವೆಯಾಯಿತು. ಹನಿಮೂನಿಗೆ ಮೆಡಿಟರೇನಿಯನ್ ಸಮುದ್ರದ ದ್ವೀಪಗಳೇ ಆಗಬೇಕು, ಮಾಲ್ಟಾದಲ್ಲೊಂದು ಹೋಟೆಲು, ಸ್ಯಾಂಟೊರಿನಿಯಲ್ಲಿ ಇನ್ನೊಂದು, ಕ್ರೀಟ್‌ನಲ್ಲಿ ಮತ್ತೊಂದು ಎಂದು ಹುಡುಗ ಪಟ್ಟಿ ಹಾಕಿಕೊಂಡಿದ್ದ. ವೀಸಾ ಕೈಗೆ ಬರುವುದು ತಡವಾಯಿತು. ಅಷ್ಟರಲ್ಲಿ ಅಮ್ಮನ ಆಜ್ಞೆ ಹೊರಟಿತು: ಮೊದಲು ಮನೆದೇವರು, ಆಮೇಲೆ ಯಾವ ಸಮುದ್ರಕ್ಕಾದರೂ ಬೀಳ್ರಿ. ಮನೆದೇವರು ಹರಿಹರದ ಹರಿಹರೇಶ್ವರ. "ಬೆಳಗ್ಗೆ ಹೋಗಿ ಕೈ ಮುಗಿದು ರಾತ್ರಿ ವಾಪಸ್ ಬರ್ತೀವಿ, ಎಲ್ಲಿ ಸ್ನಾನ ಮಾಡ್ಕೊಳ್ಳೋದು ಹೇಳಣ್ಣ" ಅಂತ ಫೋನ್ ಮಾಡಿದ. ಹರಿಹರ, ದಾವಣಗೆರೆ ಎಂದರೆ ಸ್ನಾನಕ್ಕೆ ಮಾತ್ರ ರೂಮು ಮಾಡುವಂಥ ಊರುಗಳಲ್ಲ ಎಂದು ಗದರಿಸಿ, ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮನೆದೇವರ ನೆಪದಲ್ಲಿ ಆ ಕಡೆ ಹೊರಟ ಬೇರೆ ಜೋಡಿಗಳಿಗೂ ಉಪಯೋಗವಾದೀತು.

ದ್ವೀಪದಿಂದ ದ್ವೀಪಕ್ಕೆ ಹೋಟೆಲು ಬದಲಿಸುವ ಬುದ್ಧಿಯನ್ನು ಇಲ್ಲೂ ಉಪಯೋಗಿಸಿ. ದಾವಣಗೆರೆಗೂ ಹರಿಹರಕ್ಕೂ ನಡುವೆ ಬರೀ 14 ಕಿಲೋಮೀಟರು. ಹಾಗಾಗಿ ಎಲ್ಲರೂ ದಾವಣಗೆರೆಯಲ್ಲಿ ಒಂದು ರೂಮು ಹಿಡಿದು, ಬಿಸಿಲು ಏರಿದ ಮೇಲೆ ಹರಿಹರಕ್ಕೆ ಹೋಗಿ ಅರ್ಧ ಗಂಟೆಯಲ್ಲಿ ತಿರುಗುತ್ತಾರೆ. ಹಾಗೆ ಮಾಡಿದವರಿಗೆ ಹರಿಹರದ ಹೊಳೆಯೂ ಸಿಗುವುದಿಲ್ಲ, ದಾವಣಗೆರೆಯ ಬೆಳಗೂ ಸಿಗುವುದಿಲ್ಲ. ಎರಡೂ ಊರಿನ ರುಚಿ ಇರುವುದು ಬೆಳಗಿನ ಜಾವ ಮತ್ತು ದೀಪ ಹಚ್ಚಿದ ಮೇಲೆ. ಆ ಹೊತ್ತಿನಲ್ಲಿ ನೀವು ಎಲ್ಲಿರುತ್ತೀರಿ ಎನ್ನುವುದರ ಮೇಲೆ ರೂಮು ಹಿಡಿಯಿರಿ. ಮೂರು ರಾತ್ರಿ, ಮೂರು ರೂಮು.

ಬೆಂಗಳೂರಿನಿಂದ ಬರುವವರಿಗೆ ರೈಲೇ ಒಳ್ಳೆಯದು. 2023ರಿಂದ ಧಾರವಾಡದ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ. ಹೆದ್ದಾರಿಯಲ್ಲಿ ಕಾರಿನಲ್ಲಿ ಬಂದರೆ 260 ಕಿಲೋಮೀಟರು ಚಿಲ್ಲರೆ. ತುಮಕೂರು ದಾಟಿದ ಮೇಲೆ ಹೇಳುವಂಥದ್ದೇನೂ ಇಲ್ಲ, ಚಿತ್ರದುರ್ಗದ ಕೋಟೆ ಕಂಡಾಗ ಒಮ್ಮೆ ಎಚ್ಚರಾಗಿ ಮತ್ತೆ ಮಲಗಬಹುದು.

ಮೊದಲ ರಾತ್ರಿಗೆ ದಾವಣಗೆರೆಯ ಹಳೇ ಭಾಗದಲ್ಲೇ ಇರಿ. ಪಿ.ಬಿ. ರಸ್ತೆ, ರೈಲ್ವೆ ಸ್ಟೇಷನ್ನು, ಗಾಂಧಿ ಸರ್ಕಲ್ಲು ಇವುಗಳ ಆಸುಪಾಸು. ಇಲ್ಲಿ ಇರುವುದು ಲಾಡ್ಜುಗಳು, ರೆಸಾರ್ಟುಗಳಲ್ಲ. ಮಂಡಿಪೇಟೆಗೆ ಬರುವ ವ್ಯಾಪಾರಿಗಳು, ಮಗನನ್ನು ಕಾಲೇಜಿಗೆ ಸೇರಿಸಲು ಬಂದ ಅಪ್ಪಂದಿರು, ಆಸ್ಪತ್ರೆಗೆ ಬಂದವರು ಉಳಿಯುವ ಜಾಗ. ಮದುವೆಯಾದ ಹೊಸದರಲ್ಲಿ ನಾನೂ ಹೆಂಡತಿಯೂ ಹೋದಾಗ ಸಾವಿರದ ಆಚೀಚೆಗೆ ಚೊಕ್ಕಟವಾದ ಡಬಲ್ ರೂಮು ಸಿಕ್ಕಿತ್ತು, ಈಗ ಏರಿರುತ್ತದೆ. ಕೌಂಟರಿನಲ್ಲಿ ಮೂರು ಮಾತು ಕೇಳಿ. ಬಾಡಿಗೆ ಇಪ್ಪತ್ನಾಲ್ಕು ಗಂಟೆ ಲೆಕ್ಕವೋ ಮಧ್ಯಾಹ್ನ ಹನ್ನೆರಡರ ಲೆಕ್ಕವೋ? ಬಿಸಿನೀರು ಎಷ್ಟರಿಂದ ಎಷ್ಟರವರೆಗೆ? ಮೂರನೆಯದು ಎಲ್ಲಕ್ಕಿಂತ ಮುಖ್ಯ: ಈ ಕಟ್ಟಡದಲ್ಲೋ ಪಕ್ಕದಲ್ಲೋ ಕಲ್ಯಾಣ ಮಂಟಪ ಇದೆಯೇ? ಲಗ್ನದ ದಿನಗಳಲ್ಲಿ ಮಂಟಪದ ಮೇಲಿನ ರೂಮು ಹಿಡಿದರೆ ಇನ್ನೊಬ್ಬರ ಆರತಕ್ಷತೆಯ ಹಾಡು ಹನ್ನೊಂದರವರೆಗೆ, ಅವರ ಮುಹೂರ್ತದ ವಾಲಗ ಬೆಳಗ್ಗೆ ಐದಕ್ಕೆ. ನಿಮ್ಮ ಮದುವೆಯ ಗದ್ದಲ ಈಗಷ್ಟೇ ಮುಗಿದಿದೆ, ಮತ್ತೊಂದು ಯಾಕೆ? ರಸ್ತೆಗೂ ರೈಲು ಹಳಿಗೂ ಬೆನ್ನು ಮಾಡಿದ ಹಿಂದಿನ ರೂಮು ಕೇಳಿ ತಗೊಳ್ಳಿ.

ಇನ್ನು ನಮಗಾದ ಫಜೀತಿ. ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಲಾಡ್ಜಿನಲ್ಲಿ, ಹೆಸರು ಬೇಡ, ಕೌಂಟರಿನ ಮೇಲಿದ್ದ ಮನುಷ್ಯ ಇಬ್ಬರ ಆಧಾರ್ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ಬೆರಳು ಓಡಿಸಿದ. ಹೆಂಡತಿಯ ಕಾರ್ಡಿನಲ್ಲಿ ತಂದೆ ಹೆಸರು, ತವರಿನ ವಿಳಾಸ. ನನ್ನದರಲ್ಲಿ ಬೇರೆ ಊರು. "ಅಡ್ರೆಸ್ ಬೇರೆ ಬೇರೆ ಐತಲ್ರಿ" ಅಂದ. ಹೊಸದಾಗಿ ಮದುವೆಯಾಗಿದೆ ಎಂದೆವು. "ಎಲ್ಲಾರೂ ಹಂಗೇ ಅಂತಾರ್ರಿ." ಇವಳು ತುಟಿಪಿಟಕ್ಕೆನ್ನದೆ ಮೆಹೆಂದಿ ಮಾಸದ ಎರಡೂ ಕೈಗಳನ್ನು ಲೆಡ್ಜರಿನ ಮೇಲೆ ಅಂಗೈ ಮೇಲೆ ಮಾಡಿ ಇಟ್ಟಳು. ಅವನು ಅದನ್ನೂ ನೋಡಿದ, ಕಾಲುಂಗುರವನ್ನೂ ಬಗ್ಗಿ ನೋಡಿದ, ಕೊನೆಗೆ ಒಪ್ಪಿದ್ದು ಫೋನಿನಲ್ಲಿದ್ದ ಲಗ್ನಪತ್ರಿಕೆಗೆ. ಅದರಲ್ಲಿ ಅವನಿಗೆ ಪರಿಚಯವಿದ್ದ ಊರಿನ ಹೆಸರೊಂದಿತ್ತು, ಅಷ್ಟೇ. ಗುರುತಿನ ಚೀಟಿ ಕೇಳುವುದು ಸರಿ. ಮದುವೆಯ ಪುರಾವೆ ಕೇಳಲು ಯಾವ ಕಾನೂನೂ ಇಲ್ಲ. ಆದರೆ ರಾತ್ರಿ ಒಂಬತ್ತೂವರೆಗೆ ಬ್ಯಾಗು ಹಿಡಿದು ನಿಂತು ಕಾನೂನು ಮಾತಾಡುವುದಕ್ಕಿಂತ ಲಗ್ನಪತ್ರಿಕೆಯ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳುವುದು ಸುಲಭ. ಹೊತ್ತಿರುವಾಗಲೇ ಊರು ಸೇರಿ. ಬೆಳಕಿನಲ್ಲಿ ಇದೇ ಕೌಂಟರುಗಳು ಬಹಳ ಸೌಮ್ಯ.

ಹಳೇ ಭಾಗದಲ್ಲಿ ಉಳಿಯಿರಿ ಎಂದದ್ದು ಹೊಟ್ಟೆಗಾಗಿ. ಸಂಜೆ ರಾಮ್ ಅಂಡ್ ಕೋ ಸರ್ಕಲ್ ಕಡೆ ನಡೆದು ಹೋಗಿ ಮಂಡಕ್ಕಿ, ಮಿರ್ಚಿ ತಿನ್ನಿ. ಮಂಡಕ್ಕಿ ಈ ಊರಿನ ಭಟ್ಟಿಗಳಲ್ಲೇ ಹುರಿದದ್ದು, ಬೆಂಗಳೂರಿನ ಪುರಿಯ ಹಾಗೆ ಮೆತ್ತಗಾಗಿರುವುದಿಲ್ಲ. ಮಿರ್ಚಿ ಬಾಣಲೆಯಿಂದ ಇಳಿದದ್ದನ್ನೇ ಕೇಳಿ. ತಟ್ಟೆಯಲ್ಲಿ ಗುಡ್ಡೆ ಹಾಕಿದ್ದು ಬೇಡ.

ಬೆಳಗ್ಗೆ ರೂಮಿನ ಬಾಡಿಗೆಯಲ್ಲೇ ತಿಂಡಿ ಇದೆ ಎಂದರೂ ಕಿವಿಗೆ ಹಾಕಿಕೊಳ್ಳಬೇಡಿ, ಎದ್ದು ಬೆಣ್ಣೆದೋಸೆಗೆ ನಡೆಯಿರಿ. ಬೆಳಗಾವಿ ಕಡೆಯಿಂದ 1928ರಲ್ಲಿ ಬಂದ ಚೆನ್ನಮ್ಮ ಎಂಬ ತಾಯಿ ನಾಟಕದ ಥೇಟರಿನ ಬಳಿ ರಾಗಿ ದೋಸೆ ಹಾಕಿ ಮಾರುತ್ತಿದ್ದರು, ಅಕ್ಕಿ ಹಿಟ್ಟು, ಬೆಣ್ಣೆ ಆಮೇಲೆ ಅವರ ಮಕ್ಕಳ ಕಾಲದಲ್ಲಿ ಬಂದವು ಎಂದು ಊರವರು ಹೇಳುತ್ತಾರೆ. ದೋಸೆಯಲ್ಲಿ ಮೂರು ಬಗೆ: ಬೆಣ್ಣೆ, ಓಪನ್, ಖಾಲಿ. ಇಬ್ಬರಿದ್ದರೆ ಒಂದು ಬೆಣ್ಣೆ, ಒಂದು ಓಪನ್ ಹೇಳಿ ಹಂಚಿಕೊಳ್ಳಿ, ಆಮೇಲೆ ಖಾಲಿಗೆ ಬನ್ನಿ. ಬೋರ್ಡಿನ ಹೆಸರಿಗಿಂತ ಒಲೆ ನೋಡಿ ಒಳಗೆ ಹೋಗಿ: ಸೌದೆ ಒಲೆ, ಅಗಲವಾದ ಕಪ್ಪು ಕಾವಲಿ. ಹಿಟ್ಟು ಚಿಕ್ಕದಾಗಿ, ದಪ್ಪಗೆ ಹುಯ್ದು, ಅಂಚು ಕೆಂಪಗಾದ ಮೇಲೆ ಬೆರಳ ತುದಿಯಿಂದ ಬೆಣ್ಣೆ ಎಸೆಯುತ್ತಾರೆ. ಅದು ಕರಗಿ ಕಾವಲಿಯ ಮೇಲೆ ಹರಿದು ಹೊಗೆ ಎದ್ದಾಗಲೇ ದೋಸೆ ಮಗುಚುವುದು. ನೀರಾದ ಬಿಳಿ ಚಟ್ನಿ ಎರಡನೇ ಸಲ ಕೇಳಿದರೂ ಬೇಸರವಿಲ್ಲದೆ ಹಾಕುತ್ತಾರೆ. ಸಾಂಬಾರು ಕೇಳಿದರೆ ನೀವು ಎಲ್ಲಿಂದ ಬಂದವರೆಂದು ಗೊತ್ತಾಗಿಬಿಡುತ್ತದೆ.

ಹಗಲು ದಾವಣಗೆರೆಯಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ಗಾಜಿನ ಮನೆ ನೋಡಿ ಎಂದು ಎಲ್ಲರೂ ಹೇಳುತ್ತಾರೆ. ಫಲಪುಷ್ಪ ಪ್ರದರ್ಶನವಿದ್ದರೆ ಸರಿ, ಇಲ್ಲದಿದ್ದರೆ ಗಾಜು ನೋಡಿಕೊಂಡು ಬರುತ್ತೀರಿ. ಕುಂದವಾಡ ಕೆರೆ ಬೆಳಗಿನ ನಡಿಗೆಗೆ ಚೆಂದ. ಸೀರೆಗೆ ಬಿ.ಎಸ್. ಚನ್ನಬಸಪ್ಪ ಅಂಗಡಿಗೆ ಹೋದರೆ ಆ ಮಧ್ಯಾಹ್ನ ಮುಗಿಯಿತೆಂದೇ ತಿಳಿಯಿರಿ.

ಎರಡನೇ ರಾತ್ರಿ ಹರಿಹರ. ಲಗೇಜು ಕಡಿಮೆಯಿದ್ದರೆ ಬಸ್ಸಿನಲ್ಲೇ ಹೋಗಿ, ಒಂದರ ಹಿಂದೆ ಒಂದು ಬರುತ್ತಿರುತ್ತವೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಡತಿಗೆ ಚಾರ್ಜಿಲ್ಲ, ಗಂಡನಿಗೆ ಮಾತ್ರ ಟಿಕೆಟ್ಟು. ಹರಿಹರದಲ್ಲಿ ಉಳಿಯುವ ಜಾಗಗಳು ದಾವಣಗೆರೆಯಷ್ಟು ಚೆನ್ನಾಗಿಲ್ಲ, ಮುಚ್ಚಿಡುವುದೇಕೆ? ಗೋಡೆಯಲ್ಲಿ ತೇವ, ಕಿಟಕಿಯ ಹೊರಗೆ ಇನ್ನೊಂದು ಗೋಡೆ. ಹಾಸಿಗೆ ಬಟ್ಟೆ ಬದಲಿಸಿ ಎಂದು ನೀವೇ ಹೇಳಬೇಕು. ಸೊಳ್ಳೆಬತ್ತಿ, ಒಂದು ತೆಳು ಹೊದಿಕೆ ಮನೆಯಿಂದ ತನ್ನಿ. ಹೀಗಿದ್ದರೂ ಇಲ್ಲೇ ಉಳಿಯಿರಿ ಎನ್ನುತ್ತೇನೆ, ಯಾಕೆಂದರೆ ಮಾರನೇ ಬೆಳಗ್ಗೆ ಆರಕ್ಕೆ ಹರಿಹರೇಶ್ವರನ ಗುಡಿ ಬಾಗಿಲಲ್ಲಿರಬೇಕು.

1224ರ ಸುಮಾರಿಗೆ ಹೊಯ್ಸಳರ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಇದು. ಬೇಲೂರು ಹಳೇಬೀಡಿನ ಗೋಡೆ ತುಂಬಿದ ಕೆತ್ತನೆ ಇಲ್ಲಿಲ್ಲ, ಅದನ್ನು ಹುಡುಕಿಕೊಂಡು ಬಂದವರು ಸಪ್ಪೆಯಾಗಿ ಹೋಗುತ್ತಾರೆ. ಇಲ್ಲಿಯದು ಕಂಬಗಳ ಚೆಂದ. ತಿರುಗಣೆಯಲ್ಲಿ ಕಡೆದ ಹಾಗಿರುವ ಉರುಟು ಕಂಬಗಳ ನಡುವೆ ಬೆಳಗಿನ ಓರೆ ಬಿಸಿಲು ಬಿದ್ದಾಗ ಕಲ್ಲಿನ ಹೊಳಪಿನಲ್ಲಿ ನಿಮ್ಮಿಬ್ಬರ ನೆರಳು ಉದ್ದಕ್ಕೆ ಎಳೆದುಕೊಂಡು ಕಾಣುತ್ತದೆ. ಹತ್ತು ಗಂಟೆಗೆ ಬಂದವರಿಗೆ ಅದು ಇಲ್ಲ. ಮಂಟಪದ ಕಕ್ಷಾಸನದ ಮೇಲೆ ಸುಮ್ಮನೆ ಕೂತುಕೊಳ್ಳಿ, ಯಾರೂ ಏಳಿ ಎನ್ನುವುದಿಲ್ಲ. ಆದರೆ "ಹೊಸ ಮದುಮಕ್ಕಳಾ? ಬರ್ರಿ, ವಿಶೇಷ ಪೂಜಿ ಮಾಡಿಸ್ತೀನಿ" ಎಂದು ಹಿಂದೆ ಬೀಳುವವರು ಸಿಗುತ್ತಾರೆ. ನಮಗೆ ಸಿಕ್ಕವನು ದೇವರನ್ನು ಅರ್ಧನಾರೀಶ್ವರ ಎಂದ, ದಂಪತಿ ಕೈ ಹಿಡಿದು ಪ್ರದಕ್ಷಿಣೆ ಹಾಕಿದರೆ ಜಗಳವೇ ಬರುವುದಿಲ್ಲ ಎಂದ, ಕೊನೆಗೆ ಐನೂರು ಎಂದ. ಒಳಗಿರುವುದು ಶಿವ ಪಾರ್ವತಿಯಲ್ಲ. ಬಲಗಡೆ ಹರ, ಎಡಗಡೆ ಹರಿ. ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾದರು ಎನ್ನುವುದು ಸ್ಥಳದ ಕಥೆ. ಅರ್ಚನೆ ಮಾಡಿಸುವುದಿದ್ದರೆ ಅರ್ಚಕರನ್ನೇ ಕೇಳಿ.

ಹರಿಹರ ಸೇರಿದ ಸಂಜೆಯೇ ತುಂಗಭದ್ರೆಯ ದಂಡೆಗೆ ಹೋಗಿ. ಮೊದಲು ಮೈಸೂರು ಸಂಸ್ಥಾನದ, ಆಮೇಲೆ 1956ರವರೆಗೆ ಮೈಸೂರು ರಾಜ್ಯದ ಗಡಿ ಇದೇ ಹೊಳೆಯಾಗಿತ್ತು. ಆಗ ಆಚೆ ದಡ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಈಗ ಆಚೆ ಇರುವುದು ಹಾವೇರಿ ಜಿಲ್ಲೆಯ ರಾಣೇಬೆನ್ನೂರು ತಾಲ್ಲೂಕು, ಕುಮಾರಪಟ್ಟಣದ ಫ್ಯಾಕ್ಟರಿಯ ಹೊಗೆ ಕೊಳವೆಗಳು. ಗಾಳಿ ಆ ಕಡೆಯಿಂದ ಬೀಸಿದರೆ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ, ಮೊದಲೇ ಹೇಳಿದ್ದೇನೆ. ಆಗಸ್ಟಿನಿಂದ ಡಿಸೆಂಬರಿನವರೆಗೆ ಹೊಳೆ ಹೊಳೆಯಂತಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆ, ಮರಳು, ಅಲ್ಲಲ್ಲಿ ಮಡು. ಸೆಪ್ಟೆಂಬರ್ 8ರ ಹೊತ್ತಿಗೆ ಬಂದರೆ ಆರೋಗ್ಯ ಮಾತೆ ಚರ್ಚಿನ ಹಬ್ಬಕ್ಕೆ ಊರು ತುಂಬಿ ರೂಮು ಸಿಗುವುದು ಕಷ್ಟ.

ಮೂರನೇ ದಿನ ಗುಡಿಯಿಂದ ಬಂದ ಮೇಲೆ ಒಂದು ಬಾಡಿಗೆ ಕಾರು ಹಿಡಿಯಿರಿ, ಇದರಲ್ಲಿ ಜಿಪುಣತನ ಬೇಡ. ಮಲೇಬೆನ್ನೂರು ದಾರಿಯಲ್ಲಿ ಮೊದಲು ಕೊಮಾರನಹಳ್ಳಿಯ ಹೆಳವನಕಟ್ಟೆ ರಂಗನಾಥ. ಹದಿನೆಂಟನೇ ಶತಮಾನದ ಹರಿದಾಸಿ ಹೆಳವನಕಟ್ಟೆ ಗಿರಿಯಮ್ಮನ ದೇವರು ಇವನು. ಆಕೆ ರಾಣೇಬೆನ್ನೂರಿನ ಹುಡುಗಿ, ಮಲೇಬೆನ್ನೂರಿಗೆ ಸೊಸೆಯಾಗಿ ಬಂದು, ಸಂಸಾರ ಒಲ್ಲೆನೆಂದು ರಂಗನಾಥನಿಗೇ ಹಾಡು ಕಟ್ಟುತ್ತಾ ಉಳಿದವಳು. ಹನಿಮೂನಿನಲ್ಲಿ ನೋಡತಕ್ಕ ಜಾಗವೇ ಎಂದು ನನ್ನವಳು ನಕ್ಕಳು. ಕೆರೆ ಪಕ್ಕದ ಆ ನೆರಳು ಬಿಟ್ಟು ಏಳಲು ಮನಸ್ಸು ಮಾಡದವಳೂ ಇವಳೇ.

ಅಲ್ಲಿಂದ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಸರ್ಕಾರಿ ಬೋರ್ಡಿನಲ್ಲಿ ಶಾಂತಿಸಾಗರ. ಕಟ್ಟಿಸಿದ್ದು ಶಾಂತವ್ವ ಎಂಬ ರಾಜಕುಮಾರಿ ಎನ್ನುತ್ತಾರೆ. ಏರಿಯ ಮೇಲಿನ ಸಿದ್ಧೇಶ್ವರ ಗುಡಿಯ ಹತ್ತಿರ ನಿಂತರೆ ಆಚೆ ದಡ ಮಸುಕು ಮಸುಕು. ದ್ವೀಪದ ಸಮುದ್ರ ಬೇಕೆಂದವರಿಗೆ ಜಿಲ್ಲೆ ಕೊಡಬಲ್ಲದ್ದು ಇದೇ, ಕಡಿಮೆಯೇನಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ. ರೊಟ್ಟಿ, ಚಟ್ನಿಪುಡಿ, ಮೊಸರು ಖಾನಾವಳಿಗಳಲ್ಲಿ ಕಟ್ಟಿಕೊಡುತ್ತಾರೆ.

ವಾಪಸ್ಸು ಬರುವಾಗ ಸಂತೇಬೆನ್ನೂರಿನ ಪುಷ್ಕರಣಿ. ಇದನ್ನು ಬಿಟ್ಟರೆ ಇಡೀ ಪ್ರವಾಸವೇ ದಂಡ. ನೀರಿನ ನಡುವೆ ಹನುಮಪ್ಪ ನಾಯಕನ ವಸಂತ ಮಂಟಪ, ನಾಲ್ಕೂ ಕಡೆ ಇಳಿಯುವ ಮೆಟ್ಟಿಲು, ಎದುರಿಗೆ ಬಿಜಾಪುರದ ರಣದುಲ್ಲಾ ಖಾನನ ಮುಸಾಫಿರ್ ಖಾನೆ. ಸಂಜೆ ನಾಲ್ಕರ ಮೇಲೆ ಕಲ್ಲಿನ ಬಣ್ಣ ಬದಲಾಗುತ್ತದೆ. ಪ್ರೀ ವೆಡ್ಡಿಂಗ್ ಫೋಟೋದವರ ಕಾಟ ವಿಪರೀತ. ನಿಮ್ಮದು ಮುಗಿದಿದೆಯಲ್ಲ, ಮೊಬೈಲಿನಲ್ಲಿ ಒಂದೆರಡು ತೆಗೆದು ಕೂತುಕೊಳ್ಳಿ. ಪುರಾತತ್ವ ಇಲಾಖೆಯ ಜಾಗದಲ್ಲಿ ಟ್ರೈಪಾಡು, ಡ್ರೋನಿಗೆ ಅನುಮತಿ ಬೇಕು.

ಆ ರಾತ್ರಿಗೆ ದಾವಣಗೆರೆಯ ದೊಡ್ಡ ಹೋಟೆಲು ಹಿಡಿಯಿರಿ. ಸದರ್ನ್ ಸ್ಟಾರ್, ಅಪೂರ್ವ ಎಂದರೆ ಆಟೋದವರಿಗೆಲ್ಲ ಗೊತ್ತು. ದುಡ್ಡು ಹಳೇ ಭಾಗದ ಲಾಡ್ಜಿನ ಮೂರ್ನಾಲ್ಕು ಪಟ್ಟು. ಮೊದಲೇ ಅಲ್ಲಿ ಇಳಿದರೆ ಹರಿಹರದ ರೂಮಿಗೆ ಹೋಗಲು ಮನಸ್ಸೇ ಬರುವುದಿಲ್ಲ, ಅದಕ್ಕೇ ಕೊನೆಗೆ ಇಟ್ಟಿರುವುದು. ಕೆರೆ ಏರಿಯ ಧೂಳು ತೊಳೆದುಕೊಂಡು, ಏಸಿ ಹಾಕಿ, ಹೊತ್ತೇರುವವರೆಗೆ ಮಲಗಿ.

ಕೊನೆಯದಾಗಿ ನೆಂಟರ ವಿಷಯ. ದಾವಣಗೆರೆಯಲ್ಲಿ ನಿಮಗೆ ಒಬ್ಬರಾದರೂ ಚಿಕ್ಕಮ್ಮನೋ ಸೋದರತ್ತೆಯೋ ಇದ್ದೇ ಇರುತ್ತಾರೆ. ಹೊಸ ಮದುಮಕ್ಕಳು ಲಾಡ್ಜಿನಲ್ಲಿ ಉಳಿದರಂತೆ ಎಂದು ಗೊತ್ತಾದರೆ ಬೇಜಾರು ವರ್ಷಗಟ್ಟಲೆ ನಡೆಯುತ್ತದೆ. ಮೊದಲ ದಿನವೇ ಹೇಳಿದರೆ ರೂಮಿನ ಬ್ಯಾಗು ಅವರ ಮನೆಗೆ ಸಾಗಿಬಿಡುತ್ತದೆ. ಮೂರನೇ ರಾತ್ರಿ ಫೋನ್ ಮಾಡಿ, ನಾಳೆ ಮಧ್ಯಾಹ್ನ ಊಟಕ್ಕೆ ಬರ್ತೀವಿ, ಸಂಜೆಗೆ ರೈಲಿದೆ ಎನ್ನಿ. ಹೋಳಿಗೆ ಮಾಡಿರುತ್ತಾರೆ, ಉಡಕ್ಕಿ ಹಾಕಿ ಜಂಪರ್ ಪೀಸು, ತೆಂಗಿನಕಾಯಿ ಕೊಡುತ್ತಾರೆ. ಅದಕ್ಕೆ ಬ್ಯಾಗಿನಲ್ಲಿ ಜಾಗ ಬಿಟ್ಟಿರಿ, ವಾಪಸ್ಸಿನ ಟಿಕೆಟ್ಟು ಮಾತ್ರ ಹೊರಡುವ ಮೊದಲೇ ಮಾಡಿಸಿಟ್ಟುಕೊಳ್ಳಿ.