ಮರಳಿ ಮನೆಗೆ

ಯುದ್ಧಕ್ಕೆ ಹೊರಟ ಸೈನಿಕನನ್ನು ನಾಡು ವಾದ್ಯಘೋಷಗಳೊಡನೆ ಬೀಳ್ಕೊಡುತ್ತದೆ; ಗೆದ್ದು ಬಂದರೆ ಹೂಮಾಲೆ ಹಾಕಿ ಸ್ವಾಗತಿಸುತ್ತದೆ. ಆದರೆ ಆ ಹೂಮಾಲೆ ಬಾಡಿದ ಮೇಲೆ ಸೈನಿಕನು ಎಲ್ಲಿಗೆ ಹೋದನು, ಏನಾದನು ಎಂದು ವಿಚಾರಿಸುವವರು ವಿರಳ. ‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ’ ಎಂಬ ಗಾದೆಯು ವ್ಯಕ್ತಿಗಳಿಗೆ ಮಾತ್ರವಲ್ಲದೆ ಕೆಲವೊಮ್ಮೆ ರಾಷ್ಟ್ರಗಳಿಗೂ ಅನ್ವಯಿಸುತ್ತದೆ. ಸಿರಿವಂತ ರಾಷ್ಟ್ರವೆಂದು ಹೆಸರಾದ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸಾವಿರಾರು ಮಾಜಿ ಸೈನಿಕರು ತಲೆಯ ಮೇಲೊಂದು ಸೂರಿಲ್ಲದೆ, ಬೀದಿಬದಿಯಲ್ಲಿ, ಸೇತುವೆಗಳ ಅಡಿಯಲ್ಲಿ ಇರುಳು ಕಳೆಯಬೇಕಾಗಿ ಬಂದಿತು. ಈ ದುಃಸ್ಥಿತಿ ಹೇಗೆ ಒದಗಿತು, ಅದನ್ನು ನೀಗುವ ಕಾರ್ಯದಲ್ಲಿ ಮನಶ್ಶಾಸ್ತ್ರಜ್ಞರು ಯಾವ ಪಾತ್ರ ವಹಿಸಿದರು ಎಂಬುದು ತಿಳಿಯತಕ್ಕ ವಿಷಯವಾಗಿದೆ.

ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿದ ಅಮೆರಿಕದ ಯೋಧರಿಗೆ ವಿಶೇಷ ಪರಿಹಾರಧನ ಕೊಡುವುದಾಗಿ 1924ರಲ್ಲಿ ಕಾನೂನು ಮಾಡಲಾಯಿತು. ಆದರೆ ಆ ಹಣವು ಪೂರ್ಣವಾಗಿ ಕೈಸೇರಬೇಕಾಗಿದ್ದುದು 1945ರಲ್ಲಿ. ಅಷ್ಟರಲ್ಲಿಯೇ, 1929ರಲ್ಲಿ, ಭೀಕರವಾದ ಆರ್ಥಿಕ ಮುಗ್ಗಟ್ಟು ತಲೆದೋರಿತು. ಕೆಲಸವನ್ನೂ ಮನೆಯನ್ನೂ ಕಳೆದುಕೊಂಡ ಸಾವಿರಾರು ಮಾಜಿ ಸೈನಿಕರು, ತಮ್ಮ ಹಣವನ್ನು ಕೂಡಲೇ ಕೊಡಬೇಕೆಂದು ಕೇಳಲು 1932ರ ಬೇಸಗೆಯಲ್ಲಿ ರಾಜಧಾನಿಯಾದ ವಾಷಿಂಗ್ಟನ್ ನಗರಕ್ಕೆ ಬಂದರು. ಅನಕೋಸ್ಟಿಯಾ ನದಿಯ ದಡದಲ್ಲಿ ಹಲಗೆ, ತಗಡುಗಳಿಂದ ಗುಡಿಸಲು ಕಟ್ಟಿಕೊಂಡು ಹೆಂಡಿರು ಮಕ್ಕಳೊಡನೆ ವಾಸಿಸತೊಡಗಿದರು. ಜುಲೈ 28ರಂದು ಸೈನ್ಯವು ಅಶ್ರುವಾಯುವನ್ನು ಪ್ರಯೋಗಿಸಿ ಅವರನ್ನು ಅಲ್ಲಿಂದ ಹೊರದೂಡಿತು. ಗುಡಿಸಲುಗಳು ಬೆಂಕಿಗೆ ಆಹುತಿಯಾದವು. ಒಂದು ಕಾಲದಲ್ಲಿ ತಾವೇ ಧರಿಸಿದ್ದ ಸಮವಸ್ತ್ರವು ಆ ದಿನ ತಮ್ಮ ಮೇಲೆಯೇ ಏರಿ ಬಂದುದನ್ನು ಆ ಯೋಧರು ಕಂಡರು.

ಈ ಘಟನೆ ಜನರ ಮನಸ್ಸನ್ನು ಕಲಕಿತು. ಎರಡನೆಯ ಮಹಾಯುದ್ಧವು ಇನ್ನೂ ನಡೆಯುತ್ತಿರುವಾಗಲೇ, 1944ರಲ್ಲಿ, ಯೋಧರ ಪುನರ್ವಸತಿಗಾಗಿ ಹೊಸ ಕಾನೂನೊಂದು ಜಾರಿಗೆ ಬಂದಿತು. ಅದರ ನೆರವಿನಿಂದ ಸುಮಾರು 78 ಲಕ್ಷ ಮಂದಿ ವಿದ್ಯಾಭ್ಯಾಸವನ್ನೋ ಕಸುಬಿನ ತರಬೇತಿಯನ್ನೋ ಪಡೆದರು. ಲಕ್ಷಾಂತರ ಮಂದಿ ಸರ್ಕಾರದ ಹೊಣೆಗಾರಿಕೆಯ ಮೇಲೆ ಸಾಲ ಪಡೆದು ಮನೆ ಕೊಂಡರು. ಆದರೆ ವರ್ಣಭೇದದ ಕಾರಣದಿಂದ ಕರಿಯ ಯೋಧರಲ್ಲಿ ಬಹುಮಂದಿಗೆ ಈ ಸಾಲ ದೊರೆಯಲಿಲ್ಲ. ಇದೇ ಕಾಲದಲ್ಲಿ, ಯುದ್ಧದಿಂದ ಮನಸ್ಸು ಜರ್ಜರಿತವಾದವರ ಆರೈಕೆಗೆ ನುರಿತ ತಜ್ಞರ ಕೊರತೆ ಎದ್ದು ಕಂಡಿತು. ಆದುದರಿಂದ ಮಾಜಿ ಸೈನಿಕರ ಆಡಳಿತ ಸಂಸ್ಥೆಯು 1946ರಲ್ಲಿ ಮನಶ್ಶಾಸ್ತ್ರಜ್ಞರಿಗೆ ತರಬೇತಿ ಕೊಡುವ ಯೋಜನೆಯನ್ನು ಆರಂಭಿಸಿತು.

ವಿಯೆಟ್ನಾಂ ಯುದ್ಧದ ಕಾಲಕ್ಕೆ ಪರಿಸ್ಥಿತಿ ಬೇರೆಯಾಗಿತ್ತು. ಹಿಂದಿನ ಯುದ್ಧದ ಯೋಧರು ಹಡಗುಗಳಲ್ಲಿ ಸಂಗಡಿಗರೊಡನೆ ದಿನಗಟ್ಟಲೆ ಪ್ರಯಾಣ ಮಾಡಿ ಊರು ಸೇರಿದ್ದರು. ಸುಖದುಃಖಗಳನ್ನು ಹಂಚಿಕೊಳ್ಳಲು ಅವರಿಗೆ ಅವಕಾಶವಿತ್ತು. ವಿಯೆಟ್ನಾಮಿಗೆ ಹೋದ ಸೈನಿಕನಾದರೋ ಸಾಮಾನ್ಯವಾಗಿ ಒಂದು ವರ್ಷದ ಅವಧಿ ಮುಗಿಸಿ, ವಿಮಾನವೇರಿ, ತನ್ನ ದಳವನ್ನು ಬಿಟ್ಟು ಒಬ್ಬನೇ ಹಿಂದಿರುಗುತ್ತಿದ್ದನು. ಕೆಲವೇ ದಿನಗಳ ಹಿಂದೆ ಗುಂಡಿನ ಸದ್ದು ಕೇಳುತ್ತಿದ್ದವನು ಈಗ ತನ್ನೂರಿನ ಶಾಂತವಾದ ಬೀದಿಯಲ್ಲಿ ನಿಂತಿರುತ್ತಿದ್ದನು. ಆ ಯುದ್ಧವನ್ನು ಕುರಿತು ದೇಶದಲ್ಲಿಯೇ ತೀವ್ರವಾದ ಭಿನ್ನಾಭಿಪ್ರಾಯವಿದ್ದುದರಿಂದ ಅವನ ಮಾತನ್ನು ಕೇಳಲು ಹಲವರು ಸಿದ್ಧರಿರಲಿಲ್ಲ. ಅನೇಕರಿಗೆ ರಾತ್ರಿ ನಿದ್ರೆ ಬಾರದು. ಬಂದರೆ ದುಃಸ್ವಪ್ನಗಳ ಕಾಟ. ಹಠಾತ್ತನೆ ಕೇಳಿದ ಸದ್ದಿಗೆ ಮೈ ನಡುಗುವುದು. ಹೆಂಡತಿ ಮಕ್ಕಳ ನಡುವೆ ಇದ್ದರೂ ಒಂಟಿಯೆಂಬ ಭಾವನೆ.

1970ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಇಂತಹ ಕೆಲವು ಯೋಧರು ಒಂದೆಡೆ ಕಲೆತು ತಮ್ಮ ಅನುಭವಗಳನ್ನು ಹೇಳಿಕೊಳ್ಳತೊಡಗಿದರು. ರಾಬರ್ಟ್ ಲಿಫ್ಟನ್, ಕೈಮ್ ಶಾಟಾನ್ ಎಂಬ ಮನೋವೈದ್ಯರು ಅವರೊಡನೆ ಕುಳಿತು ಆಲಿಸಿದರು. ಇಂತಹ ಪ್ರಯತ್ನಗಳ ಫಲವಾಗಿ 1979ರಲ್ಲಿ ಸರ್ಕಾರವು ಯೋಧರ ಸಲಹಾ ಕೇಂದ್ರಗಳನ್ನು ತೆರೆಯಲು ಒಪ್ಪಿತು. ಆಸ್ಪತ್ರೆಯೆಂದರೆ ಹಿಂಜರಿಯುವವರೂ ಬರಲೆಂದು ಇವುಗಳನ್ನು ಆಸ್ಪತ್ರೆಗಳಿಂದ ಬೇರೆಯಾಗಿ, ಜನವಸತಿಯ ನಡುವೆ ಸ್ಥಾಪಿಸಲಾಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಈ ವ್ಯಥೆಯನ್ನು ‘ಆಘಾತೋತ್ತರ ಮನೋವ್ಯಾಧಿ’ ಎಂದು ಅಧಿಕೃತವಾಗಿ ಗುರುತಿಸಿತು. ತಾನು ಹೇಡಿಯಲ್ಲ, ತನಗಾಗಿರುವುದು ಗಾಯ, ಅದಕ್ಕೆ ಮದ್ದುಂಟು ಎಂಬ ಅರಿವು ಎಷ್ಟೋ ಯೋಧರಿಗೆ ನೆಮ್ಮದಿ ತಂದಿತು.

ಆದರೆ ಮನಸ್ಸಿನ ಗಾಯವೊಂದೇ ಮನುಷ್ಯನನ್ನು ಬೀದಿಗೆ ತಳ್ಳುವುದಿಲ್ಲ. ನಿದ್ರೆಯಿಲ್ಲದವನು ಕೆಲಸಕ್ಕೆ ತಪ್ಪಿಸಿಕೊಳ್ಳುತ್ತಾನೆ. ಕೆಲಸ ಹೋದವನು ಬಾಡಿಗೆ ಕೊಡಲಾರನು. ನೋವು ಮರೆಯಲು ಮದ್ಯಕ್ಕೆ ಮೊರೆಹೋದರೆ ಸಂಸಾರ ಒಡೆಯುತ್ತದೆ. ಆಸರೆಯಾಗಬಲ್ಲ ಬಂಧುಗಳು ದೂರವಾದ ಮೇಲೆ ಉಳಿಯುವುದು ಬೀದಿಯೊಂದೇ. ಬಡತನ, ಅಂಗವೈಕಲ್ಯ, ಅಗ್ಗದ ಬಾಡಿಗೆಮನೆಗಳ ಅಭಾವ ಇವೆಲ್ಲವೂ ಇದಕ್ಕೆ ಸೇರಿಕೊಳ್ಳುತ್ತವೆ. ಆದ್ದರಿಂದಲೇ ಯುದ್ಧಭೂಮಿಯನ್ನು ಕಂಡವರೊಡನೆ ಅದನ್ನು ಕಾಣದ ಮಾಜಿ ಸೈನಿಕರೂ ಬೀದಿಪಾಲಾದರು.

1988ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಯಾನ್ ಡಿಯಾಗೋ ನಗರದಲ್ಲಿ ಒಂದು ಹೊಸ ಪ್ರಯೋಗ ನಡೆಯಿತು. ಮನಶ್ಶಾಸ್ತ್ರಜ್ಞ ಜಾನ್ ನಾಚಿಸನ್ ಮತ್ತು ರಾಬರ್ಟ್ ವ್ಯಾನ್ ಕ್ಯೂರನ್ ಎಂಬುವರು ಬೀದಿಯಲ್ಲಿದ್ದ ಯೋಧರಿಗಾಗಿ ಮೂರು ದಿನಗಳ ಶಿಬಿರವನ್ನು ಏರ್ಪಡಿಸಿದರು. ಅದನ್ನು ‘ಸ್ಟ್ಯಾಂಡ್ ಡೌನ್’ ಎಂದು ಕರೆದರು. ಯುದ್ಧದಲ್ಲಿ ದಣಿದ ದಳವನ್ನು ಸುರಕ್ಷಿತವಾದ ನೆಲೆಗೆ ಕರೆತಂದು, ಸ್ನಾನ, ಬಿಸಿಯೂಟ, ವಿಶ್ರಾಂತಿಗಳನ್ನು ಒದಗಿಸುವುದಕ್ಕೆ ಸೈನ್ಯದಲ್ಲಿದ್ದ ಹೆಸರೇ ಅದು. ಗುಡಾರಗಳ ಈ ಶಿಬಿರದಲ್ಲಿ ಊಟ, ಬಟ್ಟೆ, ವೈದ್ಯೋಪಚಾರ, ಕಾನೂನಿನ ಸಲಹೆ ಎಲ್ಲವೂ ಒಂದೇ ಕಡೆ ದೊರೆತವು. ಮರುವರ್ಷ ಶಿಬಿರದಲ್ಲಿಯೇ ನ್ಯಾಯಾಲಯವು ಕಲಾಪ ನಡೆಸಿ ಅವರ ಸಣ್ಣಪುಟ್ಟ ಮೊಕದ್ದಮೆಗಳನ್ನು ಇತ್ಯರ್ಥಗೊಳಿಸಿತು. ಎಲ್ಲಕ್ಕಿಂತ ಮಿಗಿಲಾಗಿ, ಒಬ್ಬಂಟಿಗರಾಗಿದ್ದ ಯೋಧರು ಮತ್ತೆ ಸಂಗಡಿಗರನ್ನು ಪಡೆದರು. ಈ ಶಿಬಿರವು ಇತರ ನಗರಗಳಿಗೂ ಮಾದರಿಯಾಯಿತು.

ಆದರೆ ನಾಲ್ಕನೆಯ ದಿನ ಅವರು ಹೋಗುವುದೆಲ್ಲಿಗೆ? ಆಗಿನ ವಾಡಿಕೆಯಂತೆ, ಬೀದಿಯಲ್ಲಿರುವವನು ಮೊದಲು ಮದ್ಯಪಾನವನ್ನು ಬಿಡಬೇಕು, ಚಿಕಿತ್ಸೆಗೆ ಒಪ್ಪಬೇಕು, ಮೆಟ್ಟಿಲು ಮೆಟ್ಟಿಲಾಗಿ ತನ್ನ ಯೋಗ್ಯತೆಯನ್ನು ತೋರಿಸಬೇಕು, ಕಟ್ಟಕಡೆಗೆ ಮನೆ. ನಡುವೆ ಎಡವಿದವನು ಮತ್ತೆ ಬೀದಿಗೇ ಬೀಳುತ್ತಿದ್ದನು. ನ್ಯೂಯಾರ್ಕ್ ನಗರದಲ್ಲಿ ಬೀದಿವಾಸಿಗಳ ನಡುವೆ ದುಡಿಯುತ್ತಿದ್ದ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞನು ಈ ಕ್ರಮವನ್ನು ಪ್ರಶ್ನಿಸಿದನು. ರಾತ್ರಿ ಎಲ್ಲಿ ಮಲಗಬೇಕೆಂದು ತಿಳಿಯದವನು ಮದ್ಯವನ್ನು ಬಿಡುವುದೆಂತು? ಔಷಧಿಯನ್ನು ಇಡಲು ಸ್ಥಳವಿಲ್ಲದವನು ಅದನ್ನು ಹೊತ್ತಿಗೆ ಸರಿಯಾಗಿ ಸೇವಿಸುವುದೆಂತು? ಮೊದಲು ಮನೆ ಕೊಡಬೇಕು. ಉಳಿದ ನೆರವು ಆ ಮನೆಯ ಬಾಗಿಲಿಗೇ ಬರಬೇಕು. 1992ರಲ್ಲಿ ಅವನು ಈ ತತ್ತ್ವದ ಮೇಲೆ ಸಂಸ್ಥೆಯೊಂದನ್ನು ಕಟ್ಟಿದನು. ಇವರು ಮನೆಯನ್ನು ಉಳಿಸಿಕೊಳ್ಳಲಾರರೆಂದು ಹಲವರು ಸಂಶಯಪಟ್ಟರು. ಆದರೆ 2000ದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಐದು ವರ್ಷಗಳ ಅವಧಿಯಲ್ಲಿ ಅವನ ಯೋಜನೆಯಲ್ಲಿದ್ದವರಲ್ಲಿ ಶೇಕಡ 88 ಮಂದಿ ಮನೆಯಲ್ಲಿ ಉಳಿದಿದ್ದರು. ಹಳೆಯ ಕ್ರಮದಲ್ಲಿ ಉಳಿದವರು ಶೇಕಡ 47 ಮಂದಿ.

ಮನೆ ಸಿಕ್ಕಿತೆಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬಹುಕಾಲ ಬೀದಿಯಲ್ಲಿದ್ದವನಿಗೆ ನಾಲ್ಕು ಗೋಡೆಗಳ ನಿಶ್ಶಬ್ದವೇ ಭಯ ಹುಟ್ಟಿಸಬಹುದು. ಇಲ್ಲಿ ಮನಶ್ಶಾಸ್ತ್ರಜ್ಞನ ನೆರವು ಬೇಕು. ‘ನನ್ನಿಂದಲೇ ಗೆಳೆಯ ಸತ್ತನು’ ಎಂದು ವರ್ಷಗಟ್ಟಲೆ ಕೊರಗುವ ಯೋಧನಿಗೆ ಅವನು ಬರಿಯ ಸಮಾಧಾನ ಹೇಳುವುದಿಲ್ಲ. ಆ ಗಳಿಗೆಯಲ್ಲಿ ನಿಜವಾಗಿ ನಡೆದುದೇನು, ಯೋಧನಿಗೆ ಆಗ ತಿಳಿದಿದ್ದುದೆಷ್ಟು, ಅವನು ಮಾಡಬಹುದಾಗಿದ್ದುದೇನು ಎಂದು ಜೊತೆಯಲ್ಲಿ ಕುಳಿತು ಪರಿಶೀಲಿಸುತ್ತಾನೆ. ಮೆಲ್ಲಮೆಲ್ಲನೆ ಯೋಧನು ತನ್ನ ಮೇಲೆ ತಾನೇ ಹೊರಿಸಿಕೊಂಡ ಆರೋಪವನ್ನು ಸರಿಯಾಗಿ ತೂಗಿ ನೋಡಲು ಕಲಿಯುತ್ತಾನೆ.

1992ರಲ್ಲಿಯೇ ಅಮೆರಿಕದ ವಸತಿ ಇಲಾಖೆಯೂ ಮಾಜಿ ಸೈನಿಕರ ಇಲಾಖೆಯೂ ಕೂಡಿ, ಬಾಡಿಗೆಯ ಸಹಾಯ ಹಾಗೂ ಆರೈಕೆಯನ್ನು ಒಟ್ಟಿಗೆ ಕೊಡುವ ಯೋಜನೆಯನ್ನು ಆರಂಭಿಸಿದ್ದವು. 2008ರಿಂದ ಅದು ವಿಸ್ತಾರಗೊಂಡಿತು. 2012ರಲ್ಲಿ ‘ಮೊದಲು ಮನೆ’ ಎಂಬ ತತ್ತ್ವವನ್ನು ಅಂಗೀಕರಿಸಿತು. 2015ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್ ನಗರವು ಯೋಧರ ವಸತಿಹೀನತೆಯನ್ನು ಕೊನೆಗಾಣಿಸಿದುದಾಗಿ ಸಾರಿತು. ಇನ್ನು ಮುಂದೆ ಯಾವ ಯೋಧನೂ ಮನೆ ಕಳೆದುಕೊಳ್ಳನು ಎಂದು ಇದರ ಅರ್ಥವಲ್ಲ. ಕಳೆದುಕೊಂಡವನಿಗೆ ಬೇಗನೆ ಮನೆ ಒದಗಿಸುವ ವ್ಯವಸ್ಥೆ ಸಿದ್ಧವಾಗಿದೆ ಎಂದರ್ಥ. ದೇಶದಲ್ಲಿ ಪ್ರತಿ ಜನವರಿಯ ಒಂದು ರಾತ್ರಿ ನಡೆಯುವ ಗಣತಿಯಲ್ಲಿ, 2010ರಲ್ಲಿ ಸುಮಾರು 74,000 ಯೋಧರು ಮನೆಯಿಲ್ಲದವರಾಗಿದ್ದರು. 2024ರಲ್ಲಿ ಅವರ ಸಂಖ್ಯೆ 32,882ಕ್ಕೆ ಇಳಿಯಿತು. ಅದೇ 2024ರಲ್ಲಿ ದೇಶದ ಒಟ್ಟು ವಸತಿಹೀನರ ಸಂಖ್ಯೆ ಏಳೂವರೆ ಲಕ್ಷವನ್ನು ಮೀರಿ ಏರಿದ್ದಿತೆಂಬುದನ್ನು ನೆನೆದರೆ ಈ ಇಳಿತದ ಮಹತ್ವ ತಿಳಿಯುತ್ತದೆ.

ಆದರೂ 32,882 ಎಂಬುದು ಸಣ್ಣ ಸಂಖ್ಯೆಯಲ್ಲ. ಅದರ ಒಂದೊಂದು ಅಂಕೆಯ ಹಿಂದೆಯೂ ಚಳಿಯ ರಾತ್ರಿಯಲ್ಲಿ ಹೊದಿಕೆಯನ್ನು ಬಿಗಿಯಾಗಿ ಸುತ್ತಿಕೊಂಡ ಮನುಷ್ಯನೊಬ್ಬನಿದ್ದಾನೆ. ಅವನು ಒಮ್ಮೆ ಇತರರ ಮನೆಗಳನ್ನು ಕಾಯಲು ತನ್ನ ಮನೆಯನ್ನು ಬಿಟ್ಟು ಹೊರಟವನು. ಅವನಿಗೆ ಮನೆಯ ದಾರಿಯನ್ನು ಮತ್ತೆ ತೋರಿಸುವುದು ದಾನವಲ್ಲ, ಋಣಸಂದಾಯ.